ನಾಲ್ಕು ಡಿಗ್ರಿ ತಡ

ಇಪ್ಪತ್ತೆರಡು ವರ್ಷಗಳಿಂದ ನಾನು ಗೋಕಾಕದ ಒಂದು ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ವಿಭಾಗಕ್ಕೆ ಥಿಯರಿ ಪಾಠ ಮಾಡುತ್ತಿದ್ದೇನೆ. ಥಿಯರಿ ಎಂಬ ಮಾತನ್ನು ಒತ್ತಿ ಹೇಳಬೇಕು. ಪ್ರಾಕ್ಟಿಕಲ್ ಮಾಡಿಸುವವರು ಬೇರೆ. ಅವರ ಕೈಗೆ ಎಣ್ಣೆ ಹತ್ತಿರುತ್ತದೆ, ನನ್ನ ಕೈಗೆ ಸೀಮೆಸುಣ್ಣ. ಎಂಜಿನ್ನು ಎಷ್ಟು ಬಗೆಯಲ್ಲಿ ಕೆಡಬಹುದು ಎಂಬುದನ್ನು ಬೋರ್ಡಿನ ಮೇಲೆ ಬರೆದು ಬರೆದು, ಚಾಲೂ ಇರುವ ಯಾವ ಎಂಜಿನ್ನಿನ ಮೇಲೂ ನನಗೆ ನಂಬಿಕೆ ಉಳಿದಿಲ್ಲ. ಬಸ್ಸಿನಲ್ಲಿ ಕೂತರೆ ಗೇರಿನ ಸದ್ದಿಗೆ ಕಿವಿ ಕೊಡುತ್ತೇನೆ. ಅರಭಾವಿ ದಾಟುವುದರೊಳಗೆ ಕ್ಲಚ್ಚು ಹೋಗುತ್ತದೆ ಎಂದು ಬಾಜೂದವರಿಗೆ ಹೇಳಿರುತ್ತೇನೆ. ಹೋಗುವುದಿಲ್ಲ. ಇಳಿಯುವಾಗ ಅವರು ಒಮ್ಮೆ ನನ್ನ ಮುಖ ನೋಡಿ ಇಳಿಯುತ್ತಾರೆ.

ಇಂಥವನ ಕೈಗೆ ಒಂದು ಎಂಜಿನ್ನನ್ನು ಕಾಯುವ ಕೆಲಸ ಬಂತು.

ನನ್ನ ಹೆಂಡತಿಯ ತವರು ಮೂಡಲಗಿ. ಅವಳ ಅಪ್ಪನದೊಂದು ಪೆಟ್ರೋಲ್ ಜೀಪಿತ್ತು. ಸುತ್ತಲಿನವರೆಲ್ಲ ತಮ್ಮ ಜೀಪುಗಳ ಪೆಟ್ರೋಲ್ ಎಂಜಿನ್ನು ಕಿತ್ತು ಡೀಸೆಲ್ ಕೂರಿಸಿಕೊಂಡಾಗಲೂ ಮಾವನವರು ಒಪ್ಪಲಿಲ್ಲ. "ಡೀಸೆಲ್ ಹಾಕಿದ್ರ ಅದು ಟ್ರ್ಯಾಕ್ಟರ್ ಆಕ್ಕೈತಿ" ಎನ್ನುತ್ತಿದ್ದರು. ಸಂಜೆ ಅವರು ಹೊಲದಿಂದ ಬರುವಾಗ, ಕಬ್ಬು ತೂಗುವ ಕಾಟಾದ ಹತ್ತಿರದ ತಿರುವಿನಲ್ಲಿ ಆ ಎಂಜಿನ್ನಿನ ಸದ್ದು ಅಡುಗೆಮನೆಗೆ ಕೇಳುತ್ತಿತ್ತಂತೆ. ಆಗ ಇವಳು ಒಲೆಯ ಮೇಲೆ ಹೆಂಚು ಇಡುತ್ತಿದ್ದಳು. ಅಪ್ಪ ಕೈಕಾಲು ತೊಳೆದುಕೊಂಡು ಬಂದು ಕೂರುವ ಹೊತ್ತಿಗೆ ಮೊದಲ ರೊಟ್ಟಿ ಹೆಂಚಿನಿಂದ ನೇರ ತಾಟಿಗೆ. ಒಂದು ದಿನವೂ ಹೆಚ್ಚುಕಡಿಮೆ ಆಗಿಲ್ಲ ಎಂದು ಇವತ್ತಿಗೂ ಹೇಳುತ್ತಾಳೆ. ಮಾವನವರು ತೀರಿಕೊಂಡ ಮೇಲೆ ಜೀಪು ಅವಳ ತಮ್ಮನ ಪಾಲಿಗೆ ಬಂತು. ಅವನು ಗೋಕಾಕಕ್ಕೆ ಬಂದಾಗಲೆಲ್ಲ ನಮ್ಮ ಓಣಿಯ ತಿರುವಿನಲ್ಲಿ ಆ ಸದ್ದು ಕೇಳಿದರೆ ಸಾಕು, ನನ್ನ ಹೆಂಡತಿ ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ನಾನು ಬಂದಾಗ ಬಂದದ್ದಿಲ್ಲ. ನನ್ನದು ಸ್ಕೂಟರು.

ಮೈದುನ ಮೂಡಲಗಿಯಲ್ಲಿ ವಾಹನಗಳ ಬಿಡಿಭಾಗದ ಅಂಗಡಿ ನಡೆಸುತ್ತಾನೆ. ಹಳೆ ಜೀಪು ಇಟ್ಟುಕೊಂಡವರದೊಂದು ಗುಂಪು ಸೇರಿದ. ಅವರು ಕಣಗಲಾದ ಹತ್ತಿರ, ಹೈವೇದಿಂದ ಸ್ವಲ್ಪ ಒಳಗೆ, ಮನೆಗಳಿನ್ನೂ ಏಳದ ಒಂದು ಲೇಔಟಿನ ಡಾಂಬರು ರಸ್ತೆಯಲ್ಲಿ ಭಾನುವಾರ ಜೀಪು ಓಡಿಸುವ ಪಂದ್ಯ ಇಟ್ಟುಕೊಂಡಿದ್ದರು. ಒಂದು ಕೊನೆಯಿಂದ ಇನ್ನೊಂದು ಕೊನೆ ಯಾರು ಬೇಗ ಮುಟ್ಟುತ್ತಾರೆ, ಅಷ್ಟೇ. ಅದಕ್ಕಾಗಿ ಪುಣೆಯಿಂದ ಒಂದು ನೀಲಿ ಸಿಲಿಂಡರು ತರಿಸಿದ. ಅದರಲ್ಲಿ ನೈಟ್ರಸ್ ಆಕ್ಸೈಡ್ ಅನಿಲ. ಗುಂಡಿ ಒತ್ತಿದರೆ ಅದು ಎಂಜಿನ್ನಿನೊಳಗೆ ನುಗ್ಗುತ್ತದೆ. ಪೆಟ್ರೋಲು ಜಾಸ್ತಿ ಉರಿಯುತ್ತದೆ, ಗಾಡಿ ಹಾರುತ್ತದೆ.

"ಮಾವಾ, ಇದಕ್ಕ ಟೈಮಿಂಗ್ ಬದಲ್ ಮಾಡಬೇಕಂತ. ಕಾಗದದಾಗ ಬರದಾರ. ನೀವು ಓದಿದವರು, ನೀವಽ ಮಾಡಿಕೊಡ್ರಿ" ಎಂದು ಶನಿವಾರ ಜೀಪು ತಂದು ನಮ್ಮ ಮನೆ ಮುಂದೆ ನಿಲ್ಲಿಸಿದ.

ಸಿಲಿಂಡರಿನ ಜೊತೆ ಬಂದಿದ್ದ ಕಾಗದವನ್ನು ಓದಿದೆ. ಓದಿದಷ್ಟೂ ಅಂಜಿಕೆಯಾಯಿತು. ಬೇಡ ಎಂದೆ. ಗ್ಯಾಸ್ಕೆಟ್ ಹೋಗಬಹುದು, ವಾಲ್ವು ಸುಡಬಹುದು, ಪೈಪು ಸೋರಬಹುದು, ಸಿಲಿಂಡರು ಬಿಸಿಲಿಗೆ ಕಾಯಬಹುದು, ಸೀಟಿನ ಕೆಳಗೆ ಕಟ್ಟಿದ ಪಟ್ಟಿ ಹರಿಯಬಹುದು ಎಂದೆ. ಅವನು ಎಲ್ಲದಕ್ಕೂ "ಹೂಂ ಮಾವಾ" ಎನ್ನುತ್ತ ಚಹಾ ಕುಡಿದ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಅವನಿಗೇನೂ ಹೇಳಲಿಲ್ಲ. ನನಗೆ ಹೇಳಿದಳು. "ನೋಡ್ರಿ, ಗಾಡಿ ಏನರ ಮಾಡ್ಕೊಳ್ರಿ. ಎಂಜಿನ್ ಮಾತ್ರ ಹ್ಯಾಂಗ ಹೊಂಟೈತಿ ಹಂಗಽ ಬರಬೇಕು. ಅಪ್ಪನ ಧ್ವನಿ ಅಂತೂ ಹೋತು, ಇದೊಂದ ಉಳದೈತಿ."

ಅದಕ್ಕೇ ಕೈ ಹಾಕಿದೆ. ಪಿಸ್ಟನ್ನು ಮೇಲೇರಿ ಬರುವಾಗ, ಅದು ತುದಿ ಮುಟ್ಟುವ ತುಸು ಮೊದಲೇ ಕಿಡಿ ಹಾರಬೇಕು. ಬೆಂಕಿ ಹರಡಲು ಹೊತ್ತು ಬೇಕಲ್ಲ, ಅದಕ್ಕೆ. ಆದರೆ ಈ ಅನಿಲ ಸೇರಿದರೆ ಬೆಂಕಿ ಬೇಗ ಹರಡುತ್ತದೆ. ಕಿಡಿಯನ್ನು ಎಂದಿನ ಜಾಗದಲ್ಲೇ ಬಿಟ್ಟರೆ, ಪಿಸ್ಟನ್ನು ಇನ್ನೂ ಮೇಲೆ ಬರುತ್ತಿರುವಾಗಲೇ ಎದುರಿನಿಂದ ಬೆಂಕಿ ಬಂದು ಅದರ ತಲೆಗೆ ಬಡಿಯುತ್ತದೆ. ಆದ್ದರಿಂದ ಕಿಡಿಯನ್ನು ತಡ ಮಾಡಬೇಕು. ನನ್ನ ಲೆಕ್ಕಕ್ಕೆ ನಾಲ್ಕು ಡಿಗ್ರಿ ಬಂತು. ಟೈಮಿಂಗ್ ಲೈಟು ಹಿಡಿದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ ಬಿಗಿ ಮಾಡಿದೆ. ಹಳೆಯ ಜಾಗಕ್ಕೊಂದು, ಹೊಸ ಜಾಗಕ್ಕೊಂದು ಸೀಮೆಸುಣ್ಣದಿಂದ ಗೆರೆ ಎಳೆದೆ. ಅದೊಂದು ನನ್ನ ಕೈಗೆ ಚೆನ್ನಾಗಿ ಬರುತ್ತದೆ.

ಎಂಜಿನ್ನು ಶುರು ಮಾಡಿದಾಗ ಸದ್ದು ಬದಲಾಗಿತ್ತು. ವಾರ ಜ್ವರ ಬಂದು ಎದ್ದವರು ಮಾತಾಡಿದ ಹಾಗೆ, ಮಂಕು. ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಏನ್ ಮಾಡಿದ್ರಿ ಅದಕ್ಕ?"

ನಾನು ಮೊದಲಿನಿಂದ ವಿವರಿಸಿದೆ. ಪಿಸ್ಟನ್ನಿನ ಚಿತ್ರವನ್ನು ಗಾಳಿಯಲ್ಲಿ ಬರೆದೆ. ಅವಳು ಪೂರ್ತಿ ಕೇಳಿ, "ಅಂದ್ರ, ಹಸಿ ಕಟ್ಟಿಗಿ ಇದ್ರ ಮೊದಲ ಹಚ್ಚಬೇಕು, ಒಣ ರವದಿ ಇದ್ರ ಆಮ್ಯಾಲ ಹಚ್ಚಿದ್ರ ನಡೀತೈತಿ" ಎಂದಳು. ಒಣಗಿದ ಕಬ್ಬಿನ ಸೋಗೆ ಹೇಗೆ ಭಗ್ ಎಂದು ಹತ್ತುತ್ತದೆ ಎಂದು ಗೊತ್ತಿದ್ದ ಊರಿನವಳು. ಹೌದು, ಅಷ್ಟೇ ಎಂದೆ. "ಇಷ್ಟ ಹೇಳಾಕ ನಿಮಗ ಅರ್ಧಾ ತಾಸು ಬೇಕಾತೇನ? ನಾಳೆ ತಿರಗಿ ಬಂದ ಮ್ಯಾಲ ಮದಲಿನ ಹಂಗ ಮಾಡಿ ಬಿಡ್ರಿ" ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನಾನೂ ಮೈದುನನೂ ಹೊರಟೆವು. ನಮ್ಮ ಕಡೆಯ ಜನರಿಗೆ ಎಂಜಿನ್ನಿನ ಸದ್ದಿನ ವಿಷಯದಲ್ಲಿ ಒಂದು ಚಾಳಿ ಉಂಟು. ಯಾರದೇ ಗಾಡಿ ಸರಿಯಾಗಿ ಸದ್ದು ಮಾಡದಿದ್ದರೆ ಸುಮ್ಮನೆ ಇರಲಾರರು. ಕೊಣ್ಣೂರಿನಲ್ಲಿ ಗಾಳಿ ತುಂಬುವವನು, "ಟೈಮಿಂಗ್ ನೋಡ್ಕೊಳ್ರಿ ಸರ್ರ" ಎಂದ. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಲಾರಿ ಡ್ರೈವರ್ ತನ್ನ ಕ್ಯಾಬಿನ್ನಿನಿಂದ ಇಳಿದು ಬಂದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಕಿಡಿ ತಡಾ ಐತ್ರಿ, ಎತ್ತಿ ಕೊಡ್ಲಿ?" ಎಂದು ಕೇಳಿದ. ಬೇಡವೆಂದರೆ ಅವನಿಗೆ ಬೇಸರ. ಆಗಲೇ ನನಗೊಂದು ಅನುಮಾನ ಬಂತು. ಆದರೆ ಅನುಮಾನ ನನಗೆ ದಿನಕ್ಕೆ ಹತ್ತು ಸಲ ಬರುತ್ತದೆ. ನಾನೇ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹುಕ್ಕೇರಿ ಬಂತು. ಅಲ್ಲಿ ಮಾವನವರ ಜೀಪನ್ನು ಮೂವತ್ತು ವರ್ಷ ನೋಡಿಕೊಂಡ ಮೆಕ್ಯಾನಿಕ್ ಇದ್ದಾರೆ. ಎಪ್ಪತ್ತು ದಾಟಿದೆ. ತಾಲೂಕಿನ ಅರ್ಧ ಗ್ಯಾರೇಜುಗಳು ಅವರ ಶಿಷ್ಯರವು, ಹಾಗಾಗಿ ಎಲ್ಲರಿಗೂ ಉಸ್ತಾದರು. ಮೈದುನನಿಗೆ ಮಾತ್ರ ಚಾಚಾ. ಉದ್ದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರೆ, ನಾನು ಲೈಟು ಹಿಡಿದು ನೋಡುವುದನ್ನು ಅವರು ಕೇಳಿಯೇ ಹೇಳುತ್ತಾರೆ. ಈ ಜೀಪು ಹುಕ್ಕೇರಿಯಲ್ಲಿ ಅವರ ಗ್ಯಾರೇಜಿನ ಮುಂದೆ ನಿಲ್ಲದೆ ಹೋದದ್ದೇ ಇಲ್ಲ. ಮೈದುನ ಕರದಂಟಿನ ಡಬ್ಬಿ ತಂದಿದ್ದ.

ನಿಲ್ಲಿಸುವ ಮೊದಲು ಅವನು ಹಿಂದಿನ ಸೀಟಿನ ಕೆಳಗಿನ ಸಿಲಿಂಡರಿನ ಮೇಲೆ ಗೋಣಿತಟ್ಟು ಎಳೆದು ಮುಚ್ಚಿದ. ಬಾನೆಟ್ಟಿನೊಳಗೆ ಹೋಗುವ ಅದರ ಸಣ್ಣ ಪೈಪು ಪೆಟ್ರೋಲಿನ ಪೈಪಿನಂತೆಯೇ ಕಾಣುತ್ತಿತ್ತು. "ಮಾವಾ, ಚಾಚಾನ ಮುಂದ ಗ್ಯಾಸಿನ ಮಾತ ತಗೀಬ್ಯಾಡ್ರಿ. ಅಪ್ಪನ ಗಾಡ್ಯಾಗ ಇಂಥಾದ್ದ ಹಾಕೀನಂದ್ರ ನನ್ನ ಇಳಿಸಿ ಚಾವಿ ಕಸಗೋತಾನ." ಆಯಿತು ಎಂದೆ. ಯಾಕೆ ಆಯಿತು ಎಂದೆನೋ. ಯಾರಾದರೂ ಏನಾದರೂ ಹೇಳಬೇಡಿ ಎಂದರೆ ನನಗೆ ಒಳಗೇ ಒಂದು ಸಮಾಧಾನ, ಹೇಳುವ ಜವಾಬ್ದಾರಿ ತಪ್ಪಿತಲ್ಲ ಎಂದು.

ಮಂಕಾದ ಎಂಜಿನ್ನು ಒಮ್ಮೆ ಬಂದಾದರೆ ತಿರುಗಿ ಹತ್ತಲು ಸತಾಯಿಸುತ್ತಿತ್ತು. ಅದಕ್ಕೆ ಚಾಲೂ ಬಿಟ್ಟೇ ಇಳಿದೆವು. ಮೈದುನ ಡಬ್ಬಿ ಕೊಡಲು ಗ್ಯಾರೇಜಿನ ಹಿಂದಿನ ಮನೆಯೊಳಗೆ ಹೋದ. ನನಗೆ ಮನೆಯಲ್ಲಿ ಗ್ಯಾಸ್ ಒಲೆಯ ರೆಗ್ಯುಲೇಟರ್ ಬಂದ್ ಆಗಿದೆಯೋ ಇಲ್ಲವೋ ಎಂದು ಅನುಮಾನ ಬಂತು. ಸದ್ದಿನಿಂದ ದೂರ ನಡೆದು ಹೆಂಡತಿಗೆ ಫೋನು ಮಾಡಿದೆ. "ನಾ ಮನ್ಯಾಗಽ ಅದೀನಿ. ಒಲಿ ಮ್ಯಾಲ ಅನ್ನ ಐತಿ. ಯಾಕ ಬಂದ್ ಮಾಡ್ಲಿ?" ಎಂದಳು. ಅದೂ ಖರೆ ಅನ್ನಿಸಿತು. ತಿರುಗಿ ಬರುವಾಗ ನನ್ನ ಕಾಲು ನಿಂತುಹೋಯಿತು.

ಎಂಜಿನ್ನು ಹಾಡುತ್ತಿತ್ತು. ಮಾವನವರ ಕಾಲದ ಅದೇ ದುಂಡು ಸದ್ದು. ಉಸ್ತಾದರು ಬಾನೆಟ್ಟು ಮುಚ್ಚಿ, ಬಟ್ಟೆಯಿಂದ ಕೈ ಒರಸಿಕೊಳ್ಳುತ್ತಿದ್ದರು.

"ಬರ್ರಿ ಮಾಸ್ತರ್ರ. ಗಾಡಿ ತಬಿಯತ್ ಕೆಟ್ಟಿತ್ತು. ಅಳಾಕತ್ತಿತ್ತು. ಯಾವನೋ ಕಲೀದವ ಕೈ ಹಾಕ್ಯಾನ. ಮ್ಯಾಲ ಖಡೂಲೆ ಗೀಟು ಬ್ಯಾರೆ ಹೊಡದಿದ್ದ, ಎಲ್ಲಾ ಒರಿಸಿ ಸ್ವಚ್ಛ ಮಾಡೀನಿ."

ನಾನು ನಕ್ಕೆ. ಏನು ಮಾಡಬೇಕೆಂದು ತಿಳಿಯದಾಗ ನಾನು ನಗುತ್ತೇನೆ. ಆ ಕಲಿಯದವನು ನಾನೇ ಎಂದು ಹೇಳಿದ್ದರೂ ಆಗುತ್ತಿತ್ತು. ಮುಖ ಕೆಂಪಾಗುತ್ತಿತ್ತು, ಅಷ್ಟೇ. ನನ್ನ ಬಾಯಿಂದ ಬಂದದ್ದು, "ಛಲೋ ಆತ್ರಿ ಉಸ್ತಾದ್." ಮನಸ್ಸಿನಲ್ಲಿ ಮಾತ್ರ ಲೆಕ್ಕ ಹಾಕಿದೆ. ಒಂದು ಬೋಲ್ಟು. ಹದಿಮೂರರ ಪಾನಾ, ಅಂದರೆ ಸ್ಪ್ಯಾನರು. ಕಣಗಲಾಕ್ಕೆ ಹೋದ ಮೇಲೆ ಮರೆಯಲ್ಲಿ ನಿಂತು ತಿರುಗಿಸಿದರೆ ಮುಗಿಯಿತು. ಸೀಮೆಸುಣ್ಣದ ಗೆರೆ ಒರಸಿದ್ದರೇನು, ಅಂದಾಜು ಇದೆ. ಪಾನಾವನ್ನು ಜೀಪಿನ ಹತ್ಯಾರದ ಡಬ್ಬಿಯಿಂದ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಆಗ ಉಸ್ತಾದರು ಕೋಟು ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. "ನಾನೂ ಬರ್ತೀನಿ. ಸಾಹುಕಾರ ಗಾಡಿ ಓಡೂದ ನೋಡಬೇಕು." ಸಾಹುಕಾರ ಎಂದರೆ ನನ್ನ ಮಾವ.

ನಾನು ಹಿಂದೆ, ಸೀಟಿನ ಕೆಳಗಿನ ಸಿಲಿಂಡರನ್ನು ಕಾಲಿನಿಂದ ಮರೆ ಮಾಡಿಕೊಂಡು ಕೂತೆ. ಹೈವೇ ಸೇರುವವರೆಗೂ ಉಸ್ತಾದರು ಎಂಜಿನ್ನಿನ ಸದ್ದಿಗೆ ತಲೆ ತೂಗುತ್ತಿದ್ದರು.

ಲೇಔಟಿನಲ್ಲಿ ಜೀಪುಗಳು ಸಾಲಾಗಿ ನಿಂತಿದ್ದವು. ಜನ ಸೈಟಿನ ನಂಬರು ಕಲ್ಲುಗಳ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದರು. ನಾನು ಮೈದುನನನ್ನು ಒಂದು ಪಕ್ಕಕ್ಕೆ ಎಳೆದೊಯ್ದು ಹೇಳಿದೆ. ಉಸ್ತಾದರು ಟೈಮಿಂಗನ್ನು ಹಳೆಯ ಜಾಗಕ್ಕೆ ಒಯ್ದಿದ್ದಾರೆ, ಈಗ ಗುಂಡಿ ಒತ್ತಿದರೆ ಪಿಸ್ಟನ್ನು ಉಳಿಯುವುದಿಲ್ಲ ಎಂದೆ.

ಅವನು ಸಮಾಧಾನದಿಂದ ಕೇಳಿದ. "ಮಾವಾ, ನಿನ್ನೆ ಪಟ್ಟಿ ಹರೀತೈತಿ ಅಂದ್ರಿ. ಮುಂಜಾನೆ ಟೈರ್ ಒಡೀತೈತಿ ಅಂದ್ರಿ. ಹುಕ್ಕೇರ್ಯಾಗ ಮನ್ಯಾಗಿನ ಗ್ಯಾಸು. ಯಾವುದನ್ನ ನಂಬ್ಲಿ?"

"ಇದನ್ನ ನಂಬು."

"ಎಲ್ಲಾಕ್ಕೂ ಹಿಂಗಽ ಅಂತೀರಿ. ಚಾಚಾ ಕೈ ಹಾಕಿದ ಮ್ಯಾಲ ಗಾಡಿ ಹ್ಯಾಂಗ ಹಾಡಾಕತ್ತೈತಿ ಕೇಳ್ರಿ. ಅಪ್ಪನ ಕೈಯಾಗಿದ್ದಾಗ ಹಿಂಗಽ ಇತ್ತು."

ಅವನದೇನು ತಪ್ಪು? ಬದುಕಿನುದ್ದಕ್ಕೂ ಎಲ್ಲದಕ್ಕೂ ಒಂದೇ ಧ್ವನಿಯಲ್ಲಿ ಹೆದರಿದವನು ನಾನು. ಖರೇ ಹೆದರಿಕೆ ಬಂದಾಗ ಅದಕ್ಕೆ ಬೇರೆ ಧ್ವನಿ ಉಳಿದಿರಲಿಲ್ಲ.

ಮೊದಲ ಓಟ ಅನಿಲವಿಲ್ಲದೆ ಓಡಿದ. ಸುಖವಾಗಿ ಓಡಿತು. ಜನ ಸಿಳ್ಳು ಹೊಡೆದರು. ಎರಡನೆಯ ಓಟಕ್ಕೆ ಗುಂಡಿ ಒತ್ತುವವನಿದ್ದ. ನಡುವೆ ಅರ್ಧ ತಾಸು ಸಿಕ್ಕಿತು. ಮೈದುನ ಹೆಸರು ಬರೆಸಲು ಆ ತುದಿಗೆ ಹೋದ. ಜೀಪಿನ ಹತ್ತಿರ ನಾನು, ನನ್ನ ಜೇಬಿನಲ್ಲಿ ಪಾನಾ, ಮತ್ತು ಬಂಪರಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ ಉಸ್ತಾದರು.

"ಉಸ್ತಾದ್, ಬಿಸಲ ಜೋರ ಐತಿ. ಅಲ್ಲಿ ನೆರಳಾಗ ಕುಂದರ್ರಿ."

"ಇಲ್ಲಿ ಛಲೋ ಐತ್ರಿ. ಗಾಡಿ ಬಾಜೂಕ ಕುಂತ್ರ ನನಗ ಮನಿಯಾಗ ಕುಂತಂಗ."

"ನೀರು ತರ್ಲಿ?"

"ಕುಡದೀನಿ."

"ಚಹಾ?"

"ನೀವು ಯಾಕ ಇಷ್ಟ ಬೆವರಾಕತ್ತೀರಿ ಮಾಸ್ತರ್ರ? ಕುಂದರ್ರಿ, ಶೇಂಗಾ ತಿನ್ರಿ."

ಕೂತೆ. ಶೇಂಗಾ ತಿಂದೆ. ನನ್ನ ಬೆನ್ನಿಗೆ ಬಾನೆಟ್ಟಿನ ಬಿಸಿ ಹತ್ತುತ್ತಿತ್ತು. ಒಣ ರವದಿಗೆ ತಡವಾಗಿ ಬೆಂಕಿ ಹಚ್ಚಬೇಕು ಎಂಬ ಒಂದೇ ಒಂದು ಮಾತು, ನನ್ನ ಹೆಂಡತಿ ನಿಂತ ನಿಲುವಿನಲ್ಲಿ ಆಡಿದ ಮಾತು, ನನಗೆ ಬಾಯಿಪಾಠವಾಗಿತ್ತು. ಹೇಳಿದರೆ ಗ್ಯಾಸಿನ ಗುಟ್ಟು ಹೊರಬೀಳುತ್ತದೆ, ಮೈದುನನಿಗೆ ಕೊಟ್ಟ ಮಾತು ತಪ್ಪುತ್ತದೆ. ಅದಕ್ಕಿಂತ ಹೆಚ್ಚು, ಎಪ್ಪತ್ತು ದಾಟಿದ ಇಂಥ ಕಿವಿಗೆ, ನಿಮ್ಮದು ತಪ್ಪು ಎಂದು ಸೀಮೆಸುಣ್ಣದವನು ಹೇಳುವುದು ಹೇಗೆ. ಶುರು ಮಾಡಿದೆ. "ಉಸ್ತಾದ್, ಪುಸ್ತಕದಾಗ ಏನ ಹೇಳ್ತಾರಂದ್ರ..."

"ಪುಸ್ತಕ ನೀವು ಓದ್ರಿ. ನನಗ ಕಣ್ಣ ಕಾಣೂದಿಲ್ಲ" ಎಂದು ನಕ್ಕು ನನ್ನ ಅಂಗೈಗೆ ಇನ್ನಷ್ಟು ಕಾಳು ಹಾಕಿದರು. ನಾನು ಅದನ್ನೂ ತಿಂದೆ. ಅಷ್ಟರಲ್ಲಿ ಮೈದುನ ಓಡಿ ಬಂದು ಗಾಡಿ ಹತ್ತಿದ.

ಗೆರೆಯ ಮೇಲೆ ಎರಡು ಜೀಪು ನಿಂತವು. ನಮ್ಮದರ ಸದ್ದು ದುಂಡಗೆ, ತುಂಬಿಕೊಂಡು ಬರುತ್ತಿತ್ತು. ಅಷ್ಟು ಚೆಂದದ ಸದ್ದಿಗೆ ನಾನು ಅಷ್ಟು ಹೆದರಿದ್ದಿಲ್ಲ. ಬಟ್ಟೆ ಬೀಸಿದರು. ಅರ್ಧ ರಸ್ತೆಯವರೆಗೆ ಜೊತೆಜೊತೆಗೆ ಹೋದವು. ಅಲ್ಲಿ ಅವನು ಗುಂಡಿ ಒತ್ತಿರಬೇಕು. ಜೀಪು ಒಮ್ಮೆಲೇ ಮೂಗೆತ್ತಿ ಮುಂದೆ ಜಿಗಿಯಿತು. ಜನ ಎದ್ದು ನಿಂತರು. ಸ್ಟೀಲಿನ ತಂಬಿಗೆಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂಥ ಸದ್ದು ಬಂತು. ಮೂರು ಎಣಿಸುವಷ್ಟು ಹೊತ್ತು. ಪಕ್ಕದಲ್ಲಿದ್ದ ಉಸ್ತಾದರ ಶೇಂಗಾ ಸುಲಿಯುವ ಕೈ ನಿಂತಿತು. ಆಮೇಲೆ ಒಂದು ಠಪ್ ಎಂಬ ಸದ್ದು. ಹಿಂದಿನಿಂದ ದಟ್ಟ ಹೊಗೆ. ಅದೂ ಆಟದ ಭಾಗವೆಂದುಕೊಂಡು ಜನ ಇನ್ನೊಮ್ಮೆ ಸಿಳ್ಳು ಹೊಡೆದರು.

ನಾವು ನಡೆದುಕೊಂಡು ಹೋದೆವು. ಮೈದುನ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ. ಉಸ್ತಾದರು ಪ್ಲಗ್ಗುಗಳನ್ನು ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದರು. ಮೂರನೆಯ ಪ್ಲಗ್ಗಿನ ತುದಿಗೆ ಸಾಸಿವೆಗಿಂತ ಸಣ್ಣ ಬೆಳ್ಳಿ ಬಣ್ಣದ ಹನಿಗಳು ಅಂಟಿದ್ದವು. ಅಲ್ಯೂಮಿನಿಯಂ.

"ಪಿಸ್ಟನ್ ಕರಗೈತಿ. ಇದು ಪೆಟ್ರೋಲಿನ ಬೆಂಕಿ ಅಲ್ಲ" ಎಂದು ಹಿಂದೆ ಹೋಗಿ ಗೋಣಿತಟ್ಟು ಸರಿಸಿದರು. ನೀಲಿ ಸಿಲಿಂಡರನ್ನು ಬಹಳ ಹೊತ್ತು ನೋಡಿದರು. ಮೈದುನನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಮಾಸ್ತರ್ರ, ಟೈಮಿಂಗ್ ಬೇಕಂತಽ ತಡಾ ಇಟ್ಟಿದ್ರೇನ ನೀವು?"

"ಹೌದ್ರಿ."

"ಇದಕ್ಕಂತ?"

"ಹೌದ್ರಿ. ನಾಲ್ಕು ಡಿಗ್ರಿ."

"ಬರಾಬರ್ ಇಟ್ಟಿದ್ರಿ. ಬೆಂಕಿ ಚುರುಕ ಇದ್ರ ತಡಾ ಮಾಡಿ ಹಚ್ಚಬೇಕು." ಸಿಲಿಂಡರಿನ ಮೇಲೆ ಗೋಣಿತಟ್ಟು ಎಳೆದು, "ಹೇಳಬೇಕಿತ್ತಲ್ರಿ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. "ಅರ್ಧಾ ತಾಸು ನನ್ನ ಬಾಜೂಕ ಕುಂತ ಶೇಂಗಾ ತಿಂದ್ರಿ. ಒಂದ ಮಾತ ಅಂದಿದ್ರ ನಾನಽ ಎದ್ದ ತಿರಿವಿ ಕೊಡತಿದ್ನಿ."

ಅವರು ತಪ್ಪನ್ನು ಒಪ್ಪಿಕೊಳ್ಳಲಾರರು ಎಂದು ನನಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಟೈರು ಒಡೆಯುತ್ತದೆ ಎಂದು ಅಂದುಕೊಂಡ ಹಾಗೆ ಅದನ್ನೂ ನಾನೇ ಅಂದುಕೊಂಡಿದ್ದೆ.

ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಹುಕ್ಕೇರಿಯವರೆಗೆ ಎಳೆಸಿದೆವು. ಜೀಪಿನ ಸ್ಟಿಯರಿಂಗ್ ಹಿಡಿದವರು ಉಸ್ತಾದರೇ. ದಾರಿಯಲ್ಲಿ ಯಾರೂ ನಮ್ಮನ್ನು ತಡೆದು ಸಲಹೆ ಕೊಡಲಿಲ್ಲ. ಸದ್ದೇ ಇರಲಿಲ್ಲವಲ್ಲ.

ಉಸ್ತಾದರು ಎರಡು ತಿಂಗಳು ಒದ್ದಾಡಿದರು. ಪಿಸ್ಟನ್ನಿನ ತುಂಡು ಎಂಜಿನ್ನಿನ ಸಿಲಿಂಡರಿನ ಗೋಡೆಯನ್ನು ಕೆರೆದು, ಬ್ಲಾಕಿನಲ್ಲಿ ನೀರಿನ ದಾರಿಯವರೆಗೆ ಸೀಳು ಬಿಟ್ಟಿತ್ತು. ಬೆಸುಗೆ ಹಾಕಿಸಿದರು, ನಿಲ್ಲಲಿಲ್ಲ. ಆ ಮಾದರಿಯ ಬ್ಲಾಕಿಗಾಗಿ ಶಿಷ್ಯರಿಗೆಲ್ಲ ಹೇಳಿ ಕಳಿಸಿದರು, ಸಿಗಲಿಲ್ಲ. ನಾನು ಪ್ರತಿ ಭಾನುವಾರ ಹುಕ್ಕೇರಿಗೆ ಹೋಗಿ ಅವರ ಪಕ್ಕ ಕೂರುತ್ತಿದ್ದೆ. ಪಾನಾ ಎತ್ತಿ ಕೊಡುವುದಷ್ಟೇ ನನ್ನ ಕೆಲಸ. ನಾನು ಸರಿಯಾಗಿ ಇಟ್ಟಿದ್ದ ನಾಲ್ಕು ಡಿಗ್ರಿಯಾದರೂ ಅದನ್ನು ಉಳಿಸುತ್ತಿತ್ತೇ ಎಂದು ಒಮ್ಮೆ ಕೇಳಿದೆ. "ಉಳಸ್ತಿತ್ತು" ಎಂದರು. ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವೋ. ಐದು ಬೇಕಿತ್ತೇನೋ ಎಂದು ಈಗಲೂ ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ.

ಕೊನೆಗೆ ಡೀಸೆಲ್ ಎಂಜಿನ್ನು ಕೂರಿಸಿದರು. ಅದರಲ್ಲಿ ಕಿಡಿಯೇ ಇಲ್ಲ.

ಹೆಂಡತಿ ನನ್ನನ್ನು ಬೈಯಲಿಲ್ಲ. ಆ ಭಾನುವಾರ ಎಲ್ಲವನ್ನೂ ಹೇಳಿದೆ, ಶೇಂಗಾದವರೆಗೆ. ಕೇಳಿ, "ನಾ ಹೇಳಿದ್ದಷ್ಟಽ ಹೇಳಿದ್ರ ಸಾಕಾಗತಿತ್ತು" ಎಂದು ಎದ್ದು ಹೋದಳು.

ಹೋದ ವಾರ ಮೈದುನ ಬಂದಿದ್ದ. ಮಧ್ಯಾಹ್ನ ಓಣಿಯಲ್ಲಿ ಒಂದು ಡೀಸೆಲ್ ಗಾಡಿ ಬಂದು ನಿಂತ ಸದ್ದು ನನಗೂ ಕೇಳಿತು, ಅಡುಗೆಮನೆಯಲ್ಲಿದ್ದ ಅವಳಿಗೂ ಕೇಳಿರಬೇಕು. ಯಾರದೋ ಟ್ರ್ಯಾಕ್ಟರ್ ಎಂದುಕೊಂಡು ಅವಳು ಏಳಲಿಲ್ಲ. ನಾನು ಕಿಟಕಿಯಿಂದ ಜೀಪನ್ನು ನೋಡಿದೆ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಹಾರ್ನ್ ಹೊಡೆದ.